ಗಾಜಿನ ಆಚೆಯ ನಾಣ್ಯ: ಮ್ಯೂಸಿಯಂನಲ್ಲಿ ಏನು ನೋಡಬೇಕು?

ಪ್ರಶ್ನೆ: ಹಳೆಯ ನಾಣ್ಯ ಮತ್ತು ಪದಕಗಳ ಮ್ಯೂಸಿಯಂಗೆ ಮಗಳ ಜೊತೆ ಹೋಗಿದ್ದೆ. ಮೊದಲ ಕೋಣೆಯಲ್ಲಿ ತುಂಬಾ ಉತ್ಸಾಹ ಇತ್ತು. ಮೂರನೇ ಕೋಣೆಗೆ ಬರುವಷ್ಟರಲ್ಲಿ ಎಲ್ಲವೂ ಒಂದೇ ಥರ ಕಾಣತೊಡಗಿತು. ಗುಂಡಗಿನ ಲೋಹ, ಒಂದು ಮುಖ, ಓದಲಾಗದ ಅಕ್ಷರ. ಪದಕಗಳ ಕೋಣೆಯನ್ನಂತೂ ನೋಡದೇ ದಾಟಿದೆವು. ಈಗ ಇನ್ನೊಮ್ಮೆ ಹೋಗುವ ಅವಕಾಶ ಬಂದಿದೆ. ಏನನ್ನು, ಹೇಗೆ ನೋಡಬೇಕು? ಅಲ್ಲಿಟ್ಟಿರುವುದೆಲ್ಲ ಅಸಲಿಯೇ? ಭೂತಗನ್ನಡಿ ಒಯ್ದರೆ ಉಪಯೋಗ ಆಗುತ್ತದೆಯೇ?

ಉತ್ತರ: ಸುಸ್ತಾಗಿದ್ದು ನಿಮ್ಮ ತಪ್ಪಲ್ಲ. ನಾಣ್ಯ ಹುಟ್ಟಿದ್ದು ಕೈಯಲ್ಲಿ ಓಡಾಡುವುದಕ್ಕೆ. ಅದಕ್ಕೆ ಎರಡು ಬದಿ ಇದೆ, ಅಂಚು ಇದೆ, ತೂಕ ಇದೆ, ಕಲ್ಲಿನ ಮೇಲೆ ಬಿದ್ದರೆ ಒಂದು ಸದ್ದಿದೆ. ಮ್ಯೂಸಿಯಂನಲ್ಲಿ ಇಷ್ಟರಲ್ಲಿ ಒಂದು ಬದಿ ಮಾತ್ರ ಕಾಣುತ್ತದೆ, ಅದೂ ದಪ್ಪ ಗಾಜಿನ ಹಿಂದೆ, ಒಂದು ಅಡಿ ದೂರದಲ್ಲಿ. ಅಂಥವು ಸಾವಿರ ಇದ್ದರೆ ಯಾರಿಗಾದರೂ ತಲೆ ತಿರುಗುತ್ತದೆ. ಓದುವ ದಿನಗಳಲ್ಲಿ ನಾನೂ ಮೊದಲ ಸಲ ಒಂದು ದೊಡ್ಡ ಸಂಗ್ರಹಕ್ಕೆ ಹೋದಾಗ ಒಂದನ್ನೂ ಬಿಡದೆ ನೋಡಬೇಕೆಂದು ಹೊರಟಿದ್ದೆ. ಸಂಜೆ ಹೊರಗೆ ಬಂದಾಗ ನೆನಪಿದ್ದದ್ದು ಎರಡೇ ನಾಣ್ಯ. ಎರಡೂ ಒಡಕು ನಾಣ್ಯಗಳು.

ಅದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ ಅಂತ ಈಗ ಅನಿಸುತ್ತದೆ. ರಾಜನ ಮುಖ ನೋಡಬೇಡಿ, ಗಾಯ ನೋಡಿ. ಯಾರೋ ಬಡಿದ ಗುರುತು, ಯಾರೋ ಕೊಯ್ದ ಗುರುತು, ಉಜ್ಜಿ ಸವೆದ ಗುರುತು. ಹೆಸರು, ಇಸವಿ ಎಲ್ಲ ಫಲಕದಲ್ಲಿ ಬರೆದಿರುತ್ತದೆ. ಗಾಯದ ಬಗ್ಗೆ ಬರೆದಿರುವುದು ಕಡಿಮೆ. ಅದನ್ನು ನೀವೇ ಹುಡುಕಬೇಕು.

ಮೊದಲು ನಾಣ್ಯ ಹೇಗೆ ಆಗುತ್ತಿತ್ತು ಅನ್ನುವುದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಒಂದು ಅಚ್ಚು ಕೆಳಗೆ, ಕಮ್ಮಾರರ ಅಡಿಗಲ್ಲಿನಲ್ಲಿ ಕೂರಿಸಿದ್ದು. ಅದರ ಮೇಲೆ ಕಾಯಿಸಿದ ಲೋಹದ ಬಿಲ್ಲೆ. ಅದರ ಮೇಲೆ ಇನ್ನೊಂದು ಅಚ್ಚು, ಕೈಯಲ್ಲಿ ಹಿಡಿದಿದ್ದು. ಸುತ್ತಿಗೆಯ ಒಂದು ಏಟು, ಕೆಲವೊಮ್ಮೆ ಎರಡು. ಅಷ್ಟೇ. ಯಂತ್ರ ಬರುವ ತನಕ, ಅಂದರೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ, ಜಗತ್ತಿನ ಬಹುತೇಕ ಕಡೆ ಇದೇ ಕ್ರಮ. ಏಟು ತಿನ್ನುವ ಮೇಲಿನ ಅಚ್ಚು ಬೇಗ ಹಾಳಾಗುತ್ತಿತ್ತು. ಮುಂಬದಿ ಮೂಡಿಸುವ ಕೆಳಗಿನದು ಜಾಸ್ತಿ ದಿನ ಬಾಳುತ್ತಿತ್ತು. ಹಾಗಾಗಿ ಒಂದೇ ಮುಂಬದಿಗೆ ಮೂರು ನಾಲ್ಕು ಬೇರೆ ಬೇರೆ ಹಿಂಬದಿ ಸಿಗುವುದುಂಟು. ಯಾವ ನಾಣ್ಯ ಮೊದಲು, ಯಾವುದು ಆಮೇಲೆ ಎಂದು ನಾವು ಲೆಕ್ಕ ಹಾಕುವುದು ಈ ಅಚ್ಚುಗಳ ಬಿರುಕು ನೋಡಿ. ಅಚ್ಚಿನಲ್ಲಿ ಬಿರುಕು ಬಿಟ್ಟರೆ ನಾಣ್ಯದ ಮೇಲೆ ಅದು ಉಬ್ಬಿದ ಗೆರೆಯಾಗಿ ಬರುತ್ತದೆ. ಚಕ್ರವರ್ತಿಯ ಕೆನ್ನೆಯ ಮೇಲೆ ಉಬ್ಬಿದ ಗೆರೆ ಕಂಡರೆ ಅದು ಸುಕ್ಕಲ್ಲ!

ಮೊದಲ ಕೋಣೆಯಲ್ಲಿ ಬಹುಶಃ ಲಿಡಿಯಾದ ನಾಣ್ಯ ಇರುತ್ತದೆ. ಲಿಡಿಯಾ ಇಂದಿನ ಟರ್ಕಿಯ ಪಶ್ಚಿಮ ಭಾಗ. ಕ್ರಿ.ಪೂ. 7ನೇ ಶತಮಾನದಲ್ಲಿ ಅಲ್ಲಿ ಚಿನ್ನ ಬೆಳ್ಳಿ ಬೆರೆತ ಎಲೆಕ್ಟ್ರಮ್ ಎಂಬ ಲೋಹದ ಉಂಡೆಗೆ ಅಚ್ಚು ಹೊಡೆಯುತ್ತಿದ್ದರು. ಒಂದು ಬದಿ ಸಿಂಹದ ತಲೆ, ಇನ್ನೊಂದು ಬದಿ ಬರೀ ತಗ್ಗು. ನೋಡಿದವರೆಲ್ಲ ಸಿಂಹದ ಕಡೆಗೆ ಹೋಗುತ್ತಾರೆ. ನನಗೆ ಆ ತಗ್ಗೇ ಮುಖ್ಯ. ಲೋಹ ಜಾರದಂತೆ ಒತ್ತಿ ಹಿಡಿದ ಉಳಿಯ ಗುರುತು ಅದು. ಆ ಕೆಲಸಗಾರನಿಗೆ ನಾಣ್ಯಕ್ಕೆ ಹಿಂಬದಿಯಲ್ಲೂ ಚಿತ್ರ ಇರಬಹುದು ಅನ್ನುವ ಯೋಚನೆಯೇ ಇನ್ನೂ ಬಂದಿರಲಿಲ್ಲ. ಆಮೇಲೆ, ಕ್ರಿ.ಪೂ. 6ನೇ ಶತಮಾನದ ನಡುವೆ ಆಳಿದ ಕ್ರೀಸಸ್ ಕಾಲದಲ್ಲಿ ಚಿನ್ನವೇ ಬೇರೆ, ಬೆಳ್ಳಿಯೇ ಬೇರೆ ನಾಣ್ಯಗಳಾದವು. ಸಿಂಹ ಮತ್ತು ಗೂಳಿ ಎದುರುಬದುರು ನಿಂತ ನಾಣ್ಯ ಕಂಡರೆ ಅದು ಆ ಹೊತ್ತಿನದು.

ಅಥೆನ್ಸ್‌ನ ಗೂಬೆ ನಾಣ್ಯ ಇಲ್ಲದ ಸಂಗ್ರಹ ಕಡಿಮೆ. ಮುಂಬದಿ ಅಥೀನಾ ದೇವತೆ, ಹಿಂಬದಿ ದೊಡ್ಡ ಕಣ್ಣಿನ ಗೂಬೆ, ಸುಮಾರು 17 ಗ್ರಾಂ ಬೆಳ್ಳಿ. ಮ್ಯೂಸಿಯಂನವರು ಸಾಮಾನ್ಯವಾಗಿ ಚೆಂದದ್ದನ್ನೇ ನಡುವೆ ಇಡುತ್ತಾರೆ. ಪಕ್ಕದಲ್ಲಿ ಗೂಬೆಯ ಮೈಮೇಲೆ ಆಳವಾಗಿ ಉಳಿ ಏಟು ಬಿದ್ದ ಒಂದು ಇದ್ದರೆ ಅದರ ಮುಂದೆ ನಿಲ್ಲಿ. ಅಥೆನ್ಸ್‌ನಿಂದ ಎಷ್ಟೋ ದೂರದ ಒಬ್ಬ ವ್ಯಾಪಾರಿ ಇದು ಒಳಗೂ ಬೆಳ್ಳಿಯಾ ಎಂದು ಕೊಯ್ದು ನೋಡಿದ್ದಾನೆ. ಅವನ ಅನುಮಾನಕ್ಕೆ ಕಾರಣವೂ ಇತ್ತು. ಒಳಗೆ ತಾಮ್ರ, ಮೇಲೆ ಬೆಳ್ಳಿಯ ತೆಳು ಹಾಳೆ ಸುತ್ತಿದ ಗೂಬೆಗಳೂ ಓಡಾಡುತ್ತಿದ್ದವು. ಭಾರತದ ಹಳೆಯ ಬೆಳ್ಳಿಯ ಮುದ್ರೆಯೊತ್ತಿದ ನಾಣ್ಯಗಳ ಮೇಲೂ ಇಂಥ ಗುರುತು ಸಿಗುತ್ತವೆ. ಅವುಗಳ ಒಂದು ಬದಿ ಸೂರ್ಯ, ಬೆಟ್ಟ, ಆನೆಯಂಥ ಐದು ಮುದ್ರೆ ಇರುತ್ತದೆ. ಹಿಂಬದಿಯಲ್ಲಿ ಚಿಕ್ಕ ಚಿಕ್ಕ ಮುದ್ರೆಗಳು. ಕೈ ಬದಲಾದಾಗ ಪರೀಕ್ಷೆ ಮಾಡಿದವರು ಒತ್ತಿದ್ದು ಅಂತ ಬಹಳ ಜನ ತಜ್ಞರ ಅಭಿಪ್ರಾಯ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಲ್ಲಿ ಎಷ್ಟೋ ಕಡೆ ಚಕ್ರವರ್ತಿಯ ಮುಖದ ಮೇಲೇ ಅಡ್ಡಗೆರೆ ಕೊಯ್ದಿದ್ದಾರೆ. ಯಾಕೆ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಪರೀಕ್ಷೆಗಿರಬಹುದು, ಇದು ಇಲ್ಲಿ ಹಣವಲ್ಲ, ಬರೀ ಚಿನ್ನ ಅನ್ನುವುದಕ್ಕಿರಬಹುದು.

ಗಾಯಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಒಂದರ ಮೇಲೊಂದು ಹೊಡೆದ ಅಚ್ಚು. 1906ರಲ್ಲಿ ನಾಸಿಕದ ಹತ್ತಿರ ಜೋಗಲ್‌ಟೆಂಭಿ ಎಂಬಲ್ಲಿ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಎಲ್ಲವೂ ಪಶ್ಚಿಮ ಭಾರತವನ್ನು ಆಳಿದ ಕ್ಷತ್ರಪ ವಂಶದ ದೊರೆ ನಹಪಾನನ ನಾಣ್ಯಗಳೇ. ಆದರೆ ಅವುಗಳಲ್ಲಿ 9,000ಕ್ಕೂ ಹೆಚ್ಚಿನವುಗಳ ಮೇಲೆ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತನ್ನ ಗುರುತನ್ನು ಹೊಡೆಸಿದ್ದ. ಸೋತವನ ನಾಣ್ಯವನ್ನು ಕರಗಿಸುವ ಗೋಜಿಗೆ ಹೋಗಲಿಲ್ಲ. ಅವನ ಮುಖದ ಮೇಲೇ ತನ್ನದನ್ನು ಒತ್ತಿಬಿಟ್ಟ. ಇಂಥ ನಾಣ್ಯವನ್ನು ಓರೆಯಾಗಿ ನೋಡಿದರೆ ಹೊಸ ಗುರುತಿನ ಕೆಳಗೆ ನಹಪಾನನ ಮೂಗೋ ಗ್ರೀಕ್ ಅಕ್ಷರದ ತುಂಡೋ ಇಣುಕುತ್ತದೆ. ಯುದ್ಧ ಯಾರು ಗೆದ್ದರು ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಾ?

ಇನ್ನೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 8ನೇ ಶತಮಾನದಲ್ಲಿ ಇಂಗ್ಲೆಂಡಿನ ಮರ್ಸಿಯಾ ಪ್ರಾಂತ್ಯವನ್ನು ಆಳಿದ ಆಫ಼ಾ ಎಂಬ ದೊರೆಯ ಚಿನ್ನದ ನಾಣ್ಯ. ಅಬ್ಬಾಸಿ ಖಲೀಫರ ದೀನಾರನ್ನು ಮುಂದಿಟ್ಟುಕೊಂಡು ಮಾಡಿದ ನಕಲು. ಅರಬ್ಬಿ ಬರಹವನ್ನು ಅಕ್ಷರ ಗೊತ್ತಿಲ್ಲದವನು ಚಿತ್ರ ಬರೆದ ಹಾಗೆ ಬರೆದಿದ್ದಾನೆ. ಇಸ್ಲಾಮಿ ವರ್ಷಗಣನೆಯ ಹಿಜರಿ 157 ಎಂಬ ಇಸವಿ ಕೂಡ ಹಾಗೇ ಬಂದಿದೆ. ನಡುವೆ ಲ್ಯಾಟಿನ್‌ನಲ್ಲಿ ‘ದೊರೆ ಆಫ಼ಾ’ ಎಂದು ಸೇರಿಸಿದ್ದಾನೆ, ಅರಬ್ಬಿ ಸಾಲುಗಳಿಗೆ ತಲೆಕೆಳಗಾಗಿ! ಕ್ರೈಸ್ತ ದೊರೆಯ ಹೆಸರಿನ ಸುತ್ತ ಇಸ್ಲಾಮಿನ ನಂಬಿಕೆಯ ವಾಕ್ಯ. ಅದನ್ನು ಕೆತ್ತಿದವನಿಗೆ ಅಲ್ಲಿ ಏನು ಬರೆದಿದೆ ಅನ್ನುವುದು ಖಂಡಿತ ಗೊತ್ತಿರಲಿಲ್ಲ. ಒಳ್ಳೆಯ ಚಿನ್ನ ಅಂದರೆ ಹೀಗೆ ಕಾಣಬೇಕು ಅನ್ನುವುದಷ್ಟೇ ಗೊತ್ತಿತ್ತು.

ಓದಲಾಗದ ಅಕ್ಷರ ಅಂದಿರಿ. ಅದರ ಬಗ್ಗೆ ಚಿಂತೆ ಬೇಡ. ಒಂದೇ ನಾಣ್ಯದಲ್ಲಿ ಎರಡು ಲಿಪಿ ಇದೆಯಾ ಅನ್ನುವುದನ್ನು ಮಾತ್ರ ಗಮನಿಸಿ. ವಾಯವ್ಯ ಭಾರತವನ್ನು ಆಳಿದ ಗ್ರೀಕ್ ಮೂಲದ ದೊರೆಗಳ, ಅಂದರೆ ಇಂಡೋ-ಗ್ರೀಕರ ನಾಣ್ಯದಲ್ಲಿ ಒಂದು ಬದಿ ಗ್ರೀಕ್, ಇನ್ನೊಂದು ಬದಿ ಭಾರತದ ಹಳೆಯ ಲಿಪಿಗಳಾದ ಖರೋಷ್ಠಿ ಅಥವಾ ಬ್ರಾಹ್ಮಿ. ಆ ಲಿಪಿಗಳನ್ನು ಓದುವ ಬೀಗದ ಕೈ ಸಿಕ್ಕಿದ್ದು ಭಾಗಶಃ ಇಂಥ ನಾಣ್ಯಗಳಿಂದಲೇ. ಅಗಾಥೊಕ್ಲಿಸ್ ಎಂಬ ದೊರೆಯ ನಾಣ್ಯದಲ್ಲಿ ಗ್ರೀಕ್‌ನಲ್ಲಿದ್ದ ಹೆಸರನ್ನು ಹಿಡಿದು, ಅದೇ ಹೆಸರು ಬ್ರಾಹ್ಮಿಯಲ್ಲಿ ಹೇಗಿದೆ ಎಂದು 1836ರಲ್ಲಿ ವಿದ್ವಾಂಸ ಕ್ರಿಶ್ಚಿಯನ್ ಲಾಸ್ಸೆನ್ ಓದಿದರು. ಮುಂದೆ ಜೇಮ್ಸ್ ಪ್ರಿನ್ಸೆಪ್ ಇಡೀ ಲಿಪಿಯನ್ನು ಬಿಡಿಸಿದರು, ಅಶೋಕನ ಶಾಸನಗಳು ಮಾತಾಡತೊಡಗಿದವು. ಆ ದೊರೆಗಳಲ್ಲಿ ಬಹಳ ಮಂದಿಯ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಾಣ್ಯ ಸಿಗದಿದ್ದರೆ ಅವರು ಇದ್ದರು ಅನ್ನುವುದೇ ನಮಗೆ ತಿಳಿಯುತ್ತಿರಲಿಲ್ಲ.

ರೋಮನ್ ಕೋಣೆಯಲ್ಲಿ ಜನ ಬೇಗ ಸೋಲುತ್ತಾರೆ, ಯಾಕೆಂದರೆ ಅಲ್ಲಿ ಮುಖಗಳೇ ಮುಖಗಳು. ಅಲ್ಲಿ ಒಂದು ಕೆಲಸ ಮಾಡಿ. ಹೆಸರು ಓದದೆ, ಬೆಳ್ಳಿಯ ಬಣ್ಣವನ್ನಷ್ಟೇ ನೋಡುತ್ತಾ ಸಾಲಿನ ಉದ್ದಕ್ಕೂ ನಡೆಯಿರಿ. ಮೊದಲ ಚಕ್ರವರ್ತಿ ಆಗಸ್ಟಸ್ ಕಾಲದ ದಿನಾರಿಯಸ್ ಎಂಬ ನಾಣ್ಯ ಹೆಚ್ಚುಕಡಿಮೆ ಶುದ್ಧ ಬೆಳ್ಳಿ. ಕ್ರಿ.ಶ. 64ರ ಹೊತ್ತಿಗೆ ನೀರೋ ತೂಕ, ಶುದ್ಧತೆ ಎರಡನ್ನೂ ಸ್ವಲ್ಪ ಇಳಿಸಿದ. ಆಮೇಲೆ ಬಂದವರು ಇನ್ನಷ್ಟು. 215ರಲ್ಲಿ ಕಾರಕಲ್ಲ ಒಂದು ಹೊಸ ನಾಣ್ಯ ತಂದ. ಅದರಲ್ಲಿ ಚಕ್ರವರ್ತಿಯ ತಲೆಯ ಮೇಲೆ ಸೂರ್ಯಕಿರಣದ ಹಾಗೆ ಚೂಪು ಚೂಪಾದ ಕಿರೀಟ ಇರುತ್ತದೆ. ಎರಡು ದಿನಾರಿಯಸ್ ಬೆಲೆಯದು ಅಂತ ನಡೆಸಿದ್ದು ಎಂದು ಹೆಚ್ಚಿನವರು ನಂಬುತ್ತಾರೆ, ಆದರೆ ಒಳಗಿದ್ದದ್ದು ಸುಮಾರು ಒಂದೂವರೆ ದಿನಾರಿಯಸ್‌ನಷ್ಟು ಬೆಳ್ಳಿ. 260ರ ದಶಕದಲ್ಲಿ, ಗ್ಯಾಲಿಯೆನಸ್ ಆಳುತ್ತಿದ್ದಾಗ, ಅದೇ ನಾಣ್ಯದಲ್ಲಿ ನೂರಕ್ಕೆ ಐದು ಭಾಗ ಬೆಳ್ಳಿಯೂ ಉಳಿಯಲಿಲ್ಲ. ಹೊಸದರಲ್ಲಿ ಮೇಲೆ ತೆಳುವಾದ ಬೆಳ್ಳಿ ಬಣ್ಣ, ಒಳಗೆಲ್ಲ ತಾಮ್ರ. ಉಬ್ಬಿದ ಜಾಗ ಮೊದಲು ಸವೆಯುತ್ತದಲ್ಲ, ಹಾಗಾಗಿ ಚಕ್ರವರ್ತಿಯ ಮೂಗು, ಕೆನ್ನೆ, ಕಿವಿಯ ಮೇಲೆ ಕೆಂಪು ಇಣುಕುತ್ತದೆ. ಎರಡೂವರೆ ಶತಮಾನದ ದುಡ್ಡಿನ ಕಥೆ, ಹತ್ತು ಹೆಜ್ಜೆಯಲ್ಲಿ. ಮಗಳಿಗೂ ಅರ್ಥ ಆಗುತ್ತದೆ.

ಅಂಚಿಗೆ ಬನ್ನಿ. ಕೈಯಲ್ಲಿ ಹೊಡೆದ ನಾಣ್ಯ ಪೂರ್ತಿ ಗುಂಡಗೆ ಇರುತ್ತಿರಲಿಲ್ಲ. ಅಂಚಿನಿಂದ ಒಂದಿಷ್ಟು ಕತ್ತರಿಸಿಕೊಂಡರೂ ಗೊತ್ತಾಗುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ 17ನೇ ಶತಮಾನದಲ್ಲಿ ಇದು ಎಷ್ಟು ಜಾಸ್ತಿಯಾಯಿತೆಂದರೆ ಅಕ್ಷರಗಳ ಸಾಲೇ ಕಾಣೆಯಾದ ನಾಣ್ಯಗಳು ಚಲಾವಣೆಯಲ್ಲಿದ್ದವು. 1662ರಿಂದ ಯಂತ್ರದಲ್ಲಿ ನಾಣ್ಯ ಮಾಡತೊಡಗಿ ಅಂಚಿಗೆ ಗೀರು ಅಥವಾ ಬರಹ ಹಾಕಿದರು. ಆ ಲ್ಯಾಟಿನ್ ಬರಹದ ಅರ್ಥ ‘ಒಡವೆ ಮತ್ತು ಕಾವಲು’. ಎರಡೇ ಮಾತಿನಲ್ಲಿ ಎಲ್ಲ ಹೇಳಿಬಿಟ್ಟಿದ್ದಾರೆ. 1696ರಲ್ಲಿ ಹಳೆಯ ಬೆಳ್ಳಿ ನಾಣ್ಯಗಳನ್ನೆಲ್ಲ ವಾಪಸ್ ತರಿಸಿ ಕರಗಿಸಿ ಹೊಸದು ಹೊಡೆಯುವ ದೊಡ್ಡ ಕೆಲಸ ಶುರುವಾಯಿತು. ಆ ವರ್ಷವೇ ಟಂಕಸಾಲೆಗೆ ವಾರ್ಡನ್ ಆಗಿ ಬಂದವರು ಐಸಾಕ್ ನ್ಯೂಟನ್. ಸುಮ್ನೆ ಸಂಬಳ ಎಣಿಸಿಕೊಂಡು ಕೂರುವ ಹುದ್ದೆ ಅಂತ ಎಲ್ಲರೂ ಅಂದುಕೊಂಡಿದ್ದರು. ನ್ಯೂಟನ್ ಖೋಟಾ ನಾಣ್ಯದವರ ಬೆನ್ನು ಹತ್ತಿದರು, ಸಾಕ್ಷಿ ಕಲೆಹಾಕಿದರು. ವಿಲಿಯಂ ಚಲೋನರ್ ಎಂಬ ಕುಖ್ಯಾತ ಖೋಟಾಗಾರ 1699ರಲ್ಲಿ ಗಲ್ಲಿಗೇರಿದ. ಈಗ ನಿಮ್ಮ ಜೇಬಿನಲ್ಲಿರುವ ನಾಣ್ಯ ತೆಗೆದು ಅಂಚನ್ನು ಉಗುರಿನಿಂದ ತೀಡಿ ನೋಡಿ. ಗೀರು ಇದ್ದರೆ, ಕತ್ತರಿ ಹಾಕಲು ಬೆಳ್ಳಿಯೇ ಇಲ್ಲದ ನಾಣ್ಯಕ್ಕೂ ಆ ಹಳೆಯ ಕಾವಲು ಉಳಿದುಕೊಂಡಿದೆ ಅಂತ ಅರ್ಥ.

ಚೀನಾದ ನಾಣ್ಯಗಳ ಮುಂದೆ ಈ ಸುತ್ತಿಗೆಯ ಕಥೆಯನ್ನೆಲ್ಲ ಬದಿಗಿಡಿ. ಅವು ಎರಕ ಹೊಯ್ದವು. ದುಂಡು ನಾಣ್ಯ, ನಡುವೆ ಚೌಕ ತೂತು. ತೂತಿಗೆ ದಾರ ಪೋಣಿಸುತ್ತಿದ್ದರು ಅನ್ನುವುದು ಎಲ್ಲರಿಗೂ ಗೊತ್ತು. ಚೌಕ ಯಾಕೆ ಅಂದರೆ, ಎರಕದಿಂದ ತೆಗೆದ ನಾಣ್ಯಗಳನ್ನು ಚೌಕ ಸರಳಿಗೆ ಏರಿಸಿ ಅಂಚನ್ನು ಒಟ್ಟಿಗೆ ಅರ ಹಾಕಿ ನಯ ಮಾಡುವಾಗ ಅವು ಗಿರಗಿರ ತಿರುಗಬಾರದಲ್ವಾ? ಅದಕ್ಕೆ. 621ರಲ್ಲಿ ತಾಂಗ್ ದೊರೆಗಳು ತಂದ ಮಾದರಿ ಸಾವಿರಕ್ಕೂ ಹೆಚ್ಚು ವರ್ಷ ಹೆಚ್ಚುಕಡಿಮೆ ಹಾಗೇ ಮುಂದುವರಿಯಿತು. ಸ್ವೀಡನ್ನಿನ ತಾಮ್ರದ ತಟ್ಟೆ ಹಣ ಕಂಡರೆ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ. 1644ರಲ್ಲಿ ಹೊಡೆದ 10 ಡಾಲೆರ್ (ಆಗಿನ ಸ್ವೀಡನ್ನಿನ ಹಣ) ತಟ್ಟೆಯ ತೂಕ ಸುಮಾರು 19.7 ಕಿಲೋ. ಯುರೋಪಿನ ಮೊದಲ ಬ್ಯಾಂಕ್ ನೋಟು 1661ರಲ್ಲಿ ಅದೇ ದೇಶದಲ್ಲಿ ಬಂತು ಅಂದರೆ ಆಶ್ಚರ್ಯ ಏನಿಲ್ಲ.

ಭೂತಗನ್ನಡಿಯ ವಿಷಯ. ನಾಣ್ಯದ ಜನ ಬಳಸುವ ಹತ್ತು ಪಟ್ಟು ದೊಡ್ಡದು ಮಾಡುವ ಚಿಕ್ಕ ಮಸೂರ ಮ್ಯೂಸಿಯಂನಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ವಸ್ತುವಿನಿಂದ ಎರಡೂವರೆ ಸೆಂಟಿಮೀಟರ್ ದೂರದಲ್ಲಿದ್ದರೆ ಮಾತ್ರ ಸ್ಪಷ್ಟ. ನಡುವೆ ಗಾಜು, ಆಮೇಲೆ ಖಾಲಿ ಜಾಗ ಇರುತ್ತದಲ್ಲ. ನಾನೂ ಒಮ್ಮೆ ಅದನ್ನು ಹೆಮ್ಮೆಯಿಂದ ಒಯ್ದು, ಗಾಜಿನ ಮೇಲಿನ ಬೆರಳಚ್ಚುಗಳನ್ನು ಚೆನ್ನಾಗಿ ನೋಡಿ ಬಂದಿದ್ದೇನೆ. ಎರಡು ಮೂರು ಪಟ್ಟಿನ ಅಗಲ ಕನ್ನಡಿ ವಾಸಿ. ಅದಕ್ಕಿಂತ ವಾಸಿ ನಿಮ್ಮ ಫೋನು. ಫ್ಲ್ಯಾಶ್ ಆರಿಸಿ, ಫೋಟೋಗೆ ಅನುಮತಿ ಇದೆಯೇ ನೋಡಿ, ಗಾಜಿಗೆ ಹತ್ತಿರ ಹಿಡಿದು ಜೂಮ್ ಮಾಡಿ. ಫೋನು ಗಾಜಿಗೆ ಹತ್ತಿದಷ್ಟೂ ದೀಪದ ಪ್ರತಿಫಲನ ಕಡಿಮೆ. ಕಣ್ಣಿನಿಂದ ನೋಡುವಾಗ ನೆಟ್ಟಗೆ ನಿಲ್ಲಬೇಡಿ. ಮಂಡಿ ಬಗ್ಗಿಸಿ, ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡಿಸಿ. ಒಂದು ಕೋನದಲ್ಲಿ ಬೆಳಕು ಓರೆಯಾಗಿ ಬಿದ್ದು, ಚಪ್ಪಟೆ ಕಂಡಿದ್ದ ಮುಖ ಥಟ್ಟನೆ ಮೇಲೆದ್ದು ಬರುತ್ತದೆ. ಕಾವಲಿನವರು ಒಮ್ಮೆ ತಿರುಗಿ ನೋಡಿದರೂ ಪರವಾಗಿಲ್ಲ.

ಫಲಕದಲ್ಲಿ ಹೆಸರಿನ ಕೆಳಗಿನ ಸಣ್ಣ ಸಾಲನ್ನು ಬಿಡಬೇಡಿ. ಏವಿ ಅಂದರೆ ಚಿನ್ನ, ಎಆರ್ ಅಂದರೆ ಬೆಳ್ಳಿ, ಎಇ ಅಂದರೆ ತಾಮ್ರ ಅಥವಾ ಕಂಚು. ಮೂರೂ ಲ್ಯಾಟಿನ್ ಹೆಸರುಗಳ ಮೊಟಕು. ಆಮೇಲೆ ಗ್ರಾಂ, ಮಿಲಿಮೀಟರ್. ಕೆಲವೊಮ್ಮೆ ಒಂದು ಬಾಣ ಅಥವಾ ಗಡಿಯಾರದ ಗಂಟೆ. ಮುಂಬದಿ ನೆಟ್ಟಗಿದ್ದಾಗ ಹಿಂಬದಿಯ ಚಿತ್ರದ ತಲೆ ಯಾವ ಕಡೆ ಇದೆ ಅನ್ನುವುದನ್ನು ಅದು ಹೇಳುತ್ತದೆ. ಇಂದಿನ ಬ್ರಿಟಿಷ್ ನಾಣ್ಯವನ್ನು ಪುಟ ತಿರುವಿದ ಹಾಗೆ ಪಕ್ಕಕ್ಕೆ ತಿರುಗಿಸಿದರೆ ಹಿಂಬದಿ ನೆಟ್ಟಗಿರುತ್ತದೆ. ಅಮೆರಿಕದ್ದನ್ನು ಮೇಲಿಂದ ಕೆಳಗೆ ಮಗುಚಬೇಕು. ಕೈಯಲ್ಲಿ ಹೊಡೆದ ಹಳೆಯ ನಾಣ್ಯಗಳಲ್ಲಿ ಈ ಕೋನ ಹೇಗೆಂದರೆ ಹಾಗೆ ಇದ್ದರೆ, ಅಚ್ಚು ಹಿಡಿದವನು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ ಅಂತ.

ಅಸಲಿಯೇ ಎಂಬ ಪ್ರಶ್ನೆಗೆ ಉತ್ತರ: ಹೆಚ್ಚಿನವು ಹೌದು, ಎಲ್ಲವೂ ಅಲ್ಲ. ನಕಲು ಇಟ್ಟಾಗ ಒಳ್ಳೆಯ ಮ್ಯೂಸಿಯಂ ಫಲಕದಲ್ಲಿ ‘ಪ್ರತಿಕೃತಿ’ ಎಂದೋ ‘ಎಲೆಕ್ಟ್ರೋಟೈಪ್’ ಎಂದೋ ಬರೆದಿರುತ್ತದೆ. ಎಲೆಕ್ಟ್ರೋಟೈಪ್ ಅಂದರೆ ಅಸಲಿ ನಾಣ್ಯದ ಅಚ್ಚು ತೆಗೆದು, ವಿದ್ಯುತ್ತಿನಿಂದ ಅದರಲ್ಲಿ ತಾಮ್ರ ಕೂರಿಸಿ ಮಾಡಿದ ಪ್ರತಿ. ಎರಡು ಬದಿಯನ್ನು ಬೇರೆ ಬೇರೆ ಮಾಡಿ ಬೆಸೆಯುವುದರಿಂದ ಅಂಚಿನಲ್ಲಿ ಹೊಲಿಗೆಯಂಥ ಗೆರೆ ಇರುತ್ತದೆ. ಎರಡು ಬದಿಯನ್ನೂ ಅಕ್ಕಪಕ್ಕ ತೋರಿಸಬೇಕಾದಾಗ, ಅಸಲಿಯನ್ನು ಭದ್ರವಾಗಿ ಒಳಗಿಡಬೇಕಾದಾಗ ಇವನ್ನು ಬಳಸುತ್ತಾರೆ. ಭದ್ರತೆಯ ಚಿಂತೆ ಸುಮ್ನೆ ಅಲ್ಲ. 2017ರ ಮಾರ್ಚ್‌ನಲ್ಲಿ ಬರ್ಲಿನ್ನಿನ ಬೋಡೆ ಮ್ಯೂಸಿಯಂನಿಂದ 100 ಕಿಲೋ ತೂಕದ ಕೆನಡಾದ ಚಿನ್ನದ ನಾಣ್ಯವನ್ನೇ ಕಳ್ಳರು ಕಿಟಕಿಯಿಂದ ಸಾಗಿಸಿದರು. ಅದು ಮತ್ತೆ ಸಿಗಲಿಲ್ಲ.

ಮೋಸ ಮಾಡಲೆಂದೇ ಮಾಡಿದ ನಕಲುಗಳನ್ನು ಪ್ರದರ್ಶನಕ್ಕಿಟ್ಟ ಕಪಾಟು ಇದ್ದರೆ ಅದನ್ನು ತಪ್ಪಿಸಬೇಡಿ. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಈ ವಿದ್ಯೆಯ ಗುರು. ಪ್ರಾಚೀನ ನಾಣ್ಯಗಳಿಗೆ ತಾನೇ ಅಚ್ಚು ಕೆತ್ತಿ ಹೊಡೆಯುತ್ತಿದ್ದ. ಹೊಸ ನಾಣ್ಯಗಳನ್ನು ಕಬ್ಬಿಣದ ಪುಡಿ ತುಂಬಿದ ಡಬ್ಬಿಯಲ್ಲಿ ಹಾಕಿ, ಗಾಡಿಯ ಇರುಸಿಗೆ ಕಟ್ಟಿ ಊರೂರು ಓಡಿಸುತ್ತಿದ್ದನಂತೆ. ದಾರಿಯ ಕುಲುಕಾಟಕ್ಕೆ ಸವೆದು ಎರಡು ಸಾವಿರ ವರ್ಷ ಹಳೆಯದಾಗಿ ಕಾಣಲಿ ಅಂತ! ಅವನ ಅಚ್ಚುಗಳು ಈಗ ಬರ್ಲಿನ್ನಿನ ನಾಣ್ಯ ಸಂಗ್ರಹದಲ್ಲಿವೆ. ಗಾಯವನ್ನೂ ನಕಲು ಮಾಡಬಹುದು ಅನ್ನುವುದು ಬೆಕರ್ ಕಲಿಸಿದ ಪಾಠ. ನನ್ನ ವಾದಕ್ಕೆ ಅವನು ಸ್ವಲ್ಪ ಅಡ್ಡಿ, ಒಪ್ಪುತ್ತೇನೆ.

ಪದಕಗಳ ಕೋಣೆ ಬಿಟ್ಟಿರಿ ಎಂದು ಓದಿ ಸ್ವಲ್ಪ ಬೇಜಾರಾಯಿತು. ಆದರೆ ಕಾರಣ ಗೊತ್ತು. ನಾಣ್ಯ ನೋಡಿದ ಕಣ್ಣಿನಿಂದಲೇ ಪದಕ ನೋಡಿದರೆ ಅದು ಸಪ್ಪೆ. ಅದನ್ನು ಯಾರೂ ಖರ್ಚು ಮಾಡಲಿಲ್ಲ, ಕೊಯ್ಯಲಿಲ್ಲ, ಕತ್ತರಿಸಲಿಲ್ಲ. ಗಾಯವೇ ಇಲ್ಲ. ಪದಕಕ್ಕೆ ಬೆಲೆ ಕಟ್ಟಿರಲಿಲ್ಲ, ಆದ್ದರಿಂದ ತೂಕ, ಅಳತೆಯ ಕಟ್ಟೂ ಇರಲಿಲ್ಲ. ಅದು ಹುಟ್ಟಿದ್ದೇ ನೋಡಿಸಿಕೊಳ್ಳಲು, ಯಾರನ್ನೋ ನಂಬಿಸಲು. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಇದನ್ನು ಮಾಡಿಸಿದವರು ಯಾರು, ಯಾರ ಕೈಗೆ ಹೋಗಲಿ ಅಂತ ಮಾಡಿಸಿದರು?

ಶುರು ಪಿಸಾನೆಲ್ಲೋನಿಂದ. 1438ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಎಂಟನೇ ಜಾನ್ ಇಟಲಿಯ ಫೆರಾರಾಕ್ಕೆ ಬಂದ. ಎರಡು ಕ್ರೈಸ್ತ ಪಂಥಗಳನ್ನು ಒಂದು ಮಾಡುವ ಸಭೆ ಅದು. ತುರ್ಕರ ವಿರುದ್ಧ ನೆರವು ಸಿಗಬಹುದು ಅನ್ನುವ ಆಸೆ ಅವನದು. ಪಿಸಾನೆಲ್ಲೋ ವರ್ಣಚಿತ್ರಕಾರ. ಅವನು ಅಂಗೈ ಅಗಲದ, ಸುಮಾರು 10 ಸೆಂಟಿಮೀಟರ್‌ನ ಪದಕವೊಂದನ್ನು ಎರಕ ಹೊಯ್ದ. ಒಂದು ಬದಿ ಚೂಪು ಟೋಪಿ, ಚೂಪು ಗಡ್ಡದ ಚಕ್ರವರ್ತಿ. ಇನ್ನೊಂದು ಬದಿ ಅದೇ ಚಕ್ರವರ್ತಿ ಕುದುರೆಯ ಮೇಲೆ ಕೂತು ದಾರಿಬದಿಯ ಶಿಲುಬೆಗೆ ಕೈಮುಗಿದಿದ್ದಾನೆ. ಅವನ ಜೊತೆಗಾರನ ಕುದುರೆ ಮಾತ್ರ ನಮಗೆ ಬೆನ್ನು ತೋರಿಸಿಕೊಂಡು ನಿಂತಿದೆ. ಅಷ್ಟು ಚಿಕ್ಕ ತಟ್ಟೆಯಲ್ಲಿ ಆಳ ತೋರಿಸಲು ಕುದುರೆಯ ಹಿಂಭಾಗ ಸಾಕಾಯಿತು! ‘ಇದು ಚಿತ್ರಕಾರ ಪಿಸಾನೋನ ಕೆಲಸ’ ಎಂದು ಲ್ಯಾಟಿನ್ ಮತ್ತು ಗ್ರೀಕ್ ಎರಡರಲ್ಲೂ ಬರೆದಿದ್ದಾನೆ. ಮುಂದಿನ ನೂರಾರು ವರ್ಷ ಎಲ್ಲರೂ ಪದಕ ಮಾಡಿದ್ದು ಇದೇ ಲೆಕ್ಕದಲ್ಲಿ: ಒಂದು ಬದಿ ಮುಖ, ಇನ್ನೊಂದು ಬದಿ ಆ ಮುಖದ ಹಿಂದಿನ ಮನಸ್ಸು.

ಸಹಿ ಹಾಕುವ ಚಟ ನಾಣ್ಯದವರಿಗೂ ಇತ್ತು. ಸಿಸಿಲಿ ದ್ವೀಪದ ಗ್ರೀಕ್ ನಗರ ಸಿರಾಕ್ಯೂಸ್‌ನ ದೊಡ್ಡ ಬೆಳ್ಳಿ ನಾಣ್ಯದಲ್ಲಿ, ಕ್ರಿ.ಪೂ. 400ರ ಸುಮಾರಿಗೆ, ಅರೆಥೂಸಾ ದೇವತೆಯ ತಲೆಪಟ್ಟಿಯ ಮೇಲೆ ಕಿಮೋನ್ ಎಂಬ ಕೆತ್ತನೆಗಾರ ತನ್ನ ಹೆಸರನ್ನು ಅಡಗಿಸಿದ್ದಾನೆ. ಹುಡುಕಿ.

ಪದಕ ಹೇಗೆ ಸುಳ್ಳಿಗೆ ಬಳಕೆಯಾಗುತ್ತದೆ ಅನ್ನುವುದಕ್ಕೆ ಲೂಸಿಟಾನಿಯಾ ಪದಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮೊದಲ ಮಹಾಯುದ್ಧದಲ್ಲಿ, 1915ರ ಮೇ 7ರಂದು, ಜರ್ಮನ್ ಜಲಾಂತರ್ಗಾಮಿ ಲೂಸಿಟಾನಿಯಾ ಎಂಬ ಬ್ರಿಟನ್ನಿನ ಪ್ರಯಾಣಿಕರ ಹಡಗನ್ನು ಮುಳುಗಿಸಿತು. ಸುಮಾರು 1,200 ಜನ ಸತ್ತರು. ಮ್ಯೂನಿಕ್‌ನ ಕಾರ್ಲ್ ಗ್ಯೋಟ್ಸ್ ಎಂಬ ಪದಕಗಾರ ಒಂದು ವ್ಯಂಗ್ಯ ಪದಕ ಮಾಡಿದ. ಟಿಕೆಟ್ ಕಿಟಕಿಯ ಹಿಂದೆ ಅಸ್ಥಿಪಂಜರ ಕೂತು ಟಿಕೆಟ್ ಮಾರುತ್ತಿದೆ, ಮೇಲೆ ‘ಎಲ್ಲಕ್ಕಿಂತ ವ್ಯಾಪಾರ ಮೇಲು’ ಎಂಬ ಮಾತು. ಅಪಾಯ ಗೊತ್ತಿದ್ದೂ ಜನರನ್ನು ಹತ್ತಿಸಿಕೊಂಡ ಹಡಗು ಕಂಪನಿಯನ್ನು ಹಂಗಿಸುವುದು ಅವನ ಉದ್ದೇಶ. ಆದರೆ ತಾರೀಕು ತಪ್ಪಿತು. ಮೇ 5 ಎಂದು ಹಾಕಿಬಿಟ್ಟ. ಬ್ರಿಟಿಷರಿಗೆ ಇಷ್ಟು ಸಾಕಾಯಿತು. ಎರಡು ದಿನ ಮುಂಚಿನ ತಾರೀಕು ಇದೆ ಅಂದರೆ ಮುಳುಗಿಸುವುದನ್ನು ಮೊದಲೇ ಲೆಕ್ಕ ಹಾಕಿದ್ದರು, ಪದಕವನ್ನೂ ಮಾಡಿಟ್ಟಿದ್ದರು ಎಂದು ಪ್ರಚಾರ ಶುರುವಾಯಿತು. ಬ್ರಿಟನ್ನಿನಲ್ಲಿ ಅದರ ಪ್ರತಿಗಳನ್ನು ಲಕ್ಷಗಟ್ಟಲೆ ಮಾಡಿ, ಚಿಕ್ಕ ಪೆಟ್ಟಿಗೆಯಲ್ಲಿಟ್ಟು, ಜರ್ಮನರ ಕ್ರೌರ್ಯ ನೋಡಿ ಎಂಬ ಚೀಟಿ ಸೇರಿಸಿ ಮಾರಿದರು. ಗ್ಯೋಟ್ಸ್ ಆಮೇಲೆ ತಾರೀಕು ತಿದ್ದಿದ, ಉಪಯೋಗ ಆಗಲಿಲ್ಲ. ನೀವು ಹೋಗುವ ಕಡೆ ಈ ಪದಕ ಇದ್ದರೆ ಅದು ಹೆಚ್ಚಾಗಿ ಬ್ರಿಟಿಷ್ ಪ್ರತಿಯೇ ಇರುತ್ತದೆ. ತಿಂಗಳ ಹೆಸರು ಜರ್ಮನ್‌ನಲ್ಲಿ ಐ ಅಕ್ಷರದಿಂದ ಮುಗಿಯುತ್ತದೆ, ಇಂಗ್ಲಿಷ್‌ನಲ್ಲಿ ವೈ ಅಕ್ಷರದಿಂದ. ಅದನ್ನು ನೋಡಿದರೆ ಯಾವುದು ಎಲ್ಲಿಯದು ಗೊತ್ತಾಗುತ್ತದೆ.

ಯುದ್ಧದ ಪದಕಗಳಲ್ಲಿ ಅಂಚು ನೋಡಲು ಪ್ರಯತ್ನಿಸಿ. ಬ್ರಿಟಿಷ್ ಸೇನೆಯ ಬಹಳಷ್ಟು ಪದಕಗಳ ಅಂಚಿನಲ್ಲಿ ಸೈನಿಕನ ನಂಬರು, ಹೆಸರು, ಪಡೆ ಬರೆದಿರುತ್ತದೆ. ಮುಂಬದಿಯಲ್ಲಿ ಎಲ್ಲರಿಗೂ ಒಂದೇ ರಾಜನ ಮುಖ, ಅಂಚಿನಲ್ಲಿ ಒಬ್ಬನೇ ಒಬ್ಬ ಮನುಷ್ಯ. ಕಪಾಟಿನಲ್ಲಿ ಮಲಗಿಸಿಟ್ಟಾಗ ಕಾಣದಂತಾಗುವುದು ಆ ಅಂಚೇ.

ಮಗಳಿಗೆ ಒಂದು ಆಟ ಹೇಳಿಕೊಡಿ. ರಾಜರನ್ನು ಬಿಟ್ಟು ಪ್ರಾಣಿ ಹುಡುಕಲಿ. ಗೂಬೆ, ಸಿಂಹ ಸುಲಭ. ಹಳೆಯ ಗ್ರೀಕ್ ನಗರಗಳಾದ ಎಫೆಸಸ್‌ನ ಜೇನು, ಅಕ್ರಾಗಾಸ್‌ನ ಏಡಿ ಸ್ವಲ್ಪ ಕಷ್ಟ. ಎಜೀನಾ ದ್ವೀಪದ ಆಮೆ ಸಿಕ್ಕರೆ ಚಿಪ್ಪನ್ನು ಚೆನ್ನಾಗಿ ನೋಡಲು ಹೇಳಿ. ಮೊದಲ ನಾಣ್ಯಗಳಲ್ಲಿ ನಯವಾದ ಚಿಪ್ಪಿನ ಕಡಲಾಮೆ, ಕ್ರಿ.ಪೂ. 5ನೇ ಶತಮಾನದ ನಡುವಿನಿಂದ ಬಿಲ್ಲೆ ಬಿಲ್ಲೆಯಾಗಿ ಭಾಗವಾದ ಚಿಪ್ಪಿನ ನೆಲದ ಆಮೆ. ಕಡಲಿನ ಮೇಲೆ ಆಳುತ್ತಿದ್ದ ಆ ದ್ವೀಪವನ್ನು ಅಥೆನ್ಸ್ ಮಣಿಸಿದ್ದು ಅದೇ ಹೊತ್ತಿನಲ್ಲಿ. ಆಮೆ ದಡ ಹತ್ತಿದ್ದು ಅದಕ್ಕೇ ಅಂತ ಕೆಲವರು ಹೇಳುತ್ತಾರೆ. ಕಥೆ ಚೆನ್ನಾಗಿದೆ, ನಾನು ಪಣ ಕಟ್ಟುವುದಿಲ್ಲ.

ನಿಧಿ ಸಿಕ್ಕ ಮಡಕೆ ಇದ್ದರೆ ಮಡಕೆಯನ್ನೇ ನೋಡಿ. 2010ರಲ್ಲಿ ಇಂಗ್ಲೆಂಡಿನ ಫ್ರೋಮ್ ಹತ್ತಿರ ಒಂದೇ ಮಡಕೆಯಲ್ಲಿ 52,503 ರೋಮನ್ ನಾಣ್ಯ ಸಿಕ್ಕವು, ಒಟ್ಟು 160 ಕಿಲೋ. ಮಡಕೆಯ ಗೋಡೆ ತೀರಾ ತೆಳು. ತುಂಬಿಸಿ ಹೊತ್ತು ತಂದಿದ್ದರೆ ಒಡೆದೇ ಹೋಗುತ್ತಿತ್ತು. ಅಂದರೆ ಮೊದಲು ಮಡಕೆ ಹೂತು, ಆಮೇಲೆ ನಾಣ್ಯ ಸುರಿದಿದ್ದಾರೆ. ಹಾಗಾದರೆ ಮತ್ತೆ ತೆಗೆಯುವ ಯೋಚನೆ ಇತ್ತೇ, ಅಥವಾ ದೇವರಿಗೆ ಒಪ್ಪಿಸಿದ್ದೇ? ನಾಣ್ಯಗಳು ಹೇಳದ್ದನ್ನು ಮಣ್ಣಿನ ಮಡಕೆ ಕೇಳುತ್ತಿದೆ.

ಕೊನೆಯದಾಗಿ, ಬಹಳ ಜನಕ್ಕೆ ಗೊತ್ತಿಲ್ಲದ ಒಂದು ದಾರಿ. ಕಪಾಟಿನಲ್ಲಿ ಕಾಣುವುದು ಸಂಗ್ರಹದ ಒಂದು ಚೂರು ಮಾತ್ರ. ಬರ್ಲಿನ್ನಿನ ಸಂಗ್ರಹದಲ್ಲಿ 5 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ, ಬ್ರಿಟಿಷ್ ಮ್ಯೂಸಿಯಂನಲ್ಲಿ ಸುಮಾರು 8 ಲಕ್ಷ. ಉಳಿದದ್ದು ಡ್ರಾಯರುಗಳಲ್ಲಿ ಇರುತ್ತದೆ. ಇಂಥ ಎಷ್ಟೋ ಸಂಗ್ರಹಗಳಿಗೆ ಓದುವ ಕೋಣೆ ಇದೆ. ಮೊದಲೇ ಬರೆದು ಸಮಯ ಕೇಳಿದರೆ ತಜ್ಞರಲ್ಲದವರಿಗೂ ಬಾಗಿಲು ತೆರೆಯುವುದುಂಟು. ‘ಹಳೆಯ ನಾಣ್ಯ ನೋಡಬೇಕು’ ಅಂತ ಬರೆದರೆ ಉತ್ತರ ಬರುವುದು ಅನುಮಾನ. ಅವರ ಆನ್‌ಲೈನ್ ಪಟ್ಟಿ ತೆರೆದು, ಮೂರೇ ಮೂರು ನಾಣ್ಯ ಆರಿಸಿ, ಅವುಗಳ ಸಂಗ್ರಹ ಸಂಖ್ಯೆ ಬರೆದು, ಯಾಕೆ ನೋಡಬೇಕು ಅಂತ ಒಂದೆರಡು ಸಾಲಿನಲ್ಲಿ ಹೇಳಿ. ಮಗಳೂ ಬರುತ್ತಾಳೆ ಅನ್ನುವುದನ್ನು ಮುಂಚೆಯೇ ತಿಳಿಸಿ. ಹೋದಾಗ ಕೈ ತೊಳೆದು ಒರೆಸಿಕೊಳ್ಳಿ, ಉಂಗುರ ತೆಗೆದಿಡಿ. ನಾಣ್ಯವನ್ನು ಮೆತ್ತನೆ ತಟ್ಟೆಯ ಮೇಲೆ, ಅಂಚಿನಲ್ಲೇ ಹಿಡಿಯಬೇಕು, ಅದಕ್ಕೆ ಬಾಯಿ ಹತ್ತಿರ ತಂದು ಮಾತಾಡಬಾರದು. ಉಗುಳಿನ ಹನಿ ಬಿದ್ದರೆ ಕಲೆ ಆಗುತ್ತದೆ. ಆಮೇಲೆ ನಿಧಾನವಾಗಿ ತಿರುಗಿಸಿ ಅಂಚು ನೋಡಿ, ಹಿಂಬದಿ ನೋಡಿ. ಮೂರರಲ್ಲಿ ಒಂದಾದರೂ ಉಳಿ ಏಟು ಬಿದ್ದ ಗೂಬೆ ಇರಲಿ.